ಬಿಸಿಲಲ್ಲೂ ಬರುವ ನೆರೆ: ಮಂಡ್ಯ ಜಿಲ್ಲೆಯ ವಿಕೋಪದ ಅಪಾಯ ಅಳೆಯುವ ಬಗೆ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಮಂಡ್ಯದಲ್ಲಿ ಕಾವೇರಿ ನೀರಿಗಾಗಿ ಧರಣಿಯೋ ಧರಣಿ. ಮರುವರ್ಷ, 2024ರ ಜುಲೈ ಕೊನೆಗೆ, ಅದೇ ಕಾವೇರಿಯ ಕನ್ನಂಬಾಡಿ ಕಟ್ಟೆಯಿಂದ (ಕೆಆರ್‌ಎಸ್) ಹೊಳೆಗೆ ಬಿಟ್ಟ ನೀರು 1 ಲಕ್ಷ ಕ್ಯೂಸೆಕ್ (ಸೆಕೆಂಡಿಗೆ 1 ಲಕ್ಷ ಘನ ಅಡಿ) ದಾಟಿತು. ಒಂದೇ ಜಿಲ್ಲೆ, ಹನ್ನೆರಡು ತಿಂಗಳೊಳಗೆ ಬರವೂ ನೆರೆಯೂ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಮಂಡ್ಯ ಸುಭಿಕ್ಷವಾಗಿದೆ ಎಂಬ ಉತ್ತರ ಬರುತ್ತದೆ!

ಆದ್ದರಿಂದ ‘ಜಿಲ್ಲೆಗೆ ನೆರೆಯ ಅಪಾಯ ಎಷ್ಟು’ ಎಂದು ಕೇಳಿ ಫಲವಿಲ್ಲ. ಯಾವ ಊರಿನ ಯಾವ ಕೇರಿಗೆ, ಎಷ್ಟು ಕ್ಯೂಸೆಕ್ ಬಿಟ್ಟಾಗ, ಎಷ್ಟು ಹೊತ್ತಿನಲ್ಲಿ ನೀರು ನುಗ್ಗುತ್ತದೆ ಎಂದು ಕೇಳಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಕಲಂ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ಯಾವ ವಿಕೋಪಕ್ಕೆ ಯಾವ ಪ್ರದೇಶ ಸಿಕ್ಕಿಕೊಳ್ಳಬಹುದು ಎಂಬುದು ಅದರಲ್ಲಿರಬೇಕು, ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಿ ತಿದ್ದಬೇಕು. ಅದನ್ನು ಮಾಡಬೇಕಾದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. ಆದರೆ ಲೆಕ್ಕ ಶುರುವಾಗುವುದು ಗ್ರಾಮ ಪಂಚಾಯಿತಿಯಲ್ಲಿ. ಅಲ್ಲಿ ಸರಿಯಾಗದಿದ್ದರೆ ಮೇಲೆ ಎಷ್ಟು ಬಣ್ಣದ ನಕ್ಷೆ ಬರೆದರೂ ಪ್ರಯೋಜನವಿಲ್ಲ.

ನಾಲ್ಕು ಬೇರೆ ಬೇರೆ ಅಳತೆ

ಕನ್ನಡದಲ್ಲಿ ಎಲ್ಲಕ್ಕೂ ‘ಅಪಾಯ’ ಎಂದೇ ಅನ್ನುತ್ತೇವೆ, ತೊಡಕು ಹುಟ್ಟುವುದು ಅಲ್ಲೇ. ಅಳೆಯುವಾಗ ಇದನ್ನು ನಾಲ್ಕಾಗಿ ಬಿಡಿಸಿಕೊಳ್ಳಬೇಕು: ಬೀಳುವ ಹೊಡೆತ, ಅದರ ದಾರಿಯಲ್ಲಿ ಇರುವುದು, ಹಾಗೆ ಇರುವುದರ ತಾಳಿಕೆ, ಸಮಯಕ್ಕೆ ಒದಗುವ ನೆರವು. ಹೊಳೆ ಹತ್ತಡಿ ಏರುವುದು ಹೊಡೆತ. ಆ ಹತ್ತಡಿಯೊಳಗೆ ಮನೆಯೇ ಇಲ್ಲದಿದ್ದರೆ ಅದು ನೋಡಲು ಚೆಂದದ ದೃಶ್ಯ, ಅಷ್ಟೆ. ಆರ್‌ಸಿಸಿ ಮನೆಯೊಳಗೆ ಎರಡಡಿ ನೀರು ನಿಂತರೆ ಬಟ್ಟೆಬರೆ, ದವಸ, ಫ್ರಿಜ್ಜು ಹಾಳು. ಮಣ್ಣಿನ ಗೋಡೆಯ ಮನೆಯೊಳಗೆ ಅದೇ ಎರಡಡಿ ನಿಂತರೆ ಮನೆಯೇ ಹೋಯಿತು, ಅದೂ ಸಾಮಾನ್ಯವಾಗಿ ನೀರು ಇಳಿದ ಮೇಲೆ, ನೆನೆದ ಗೋಡೆ ಸೂರಿನ ಭಾರ ತಾಳದೆ ಕುಸಿದಾಗ. ‘ನೀರು ಇಳಿಯಿತು, ಮನೆಗೆ ಹೋಗಿ’ ಅನ್ನುವ ಹೊತ್ತೇ ಹೆಚ್ಚು ಕೆಟ್ಟದ್ದು.

ಈ ನಾಲ್ಕನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಮೊದಲೇ ಒಂದು ಅಂಕಿಗೆ ಇಳಿಸಿಬಿಟ್ಟರೆ ಯಾವುದನ್ನು ಸರಿಪಡಿಸಬೇಕೆಂದು ಆಮೇಲೆ ಗೊತ್ತಾಗುವುದಿಲ್ಲ.

ಹೊಳೆ: ಬೇರೆಯವರ ಮಳೆ, ನಮ್ಮ ನೆರೆ

ಮಂಡ್ಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಕಾವೇರಿ ಉಕ್ಕುವುದು ಮಾತ್ರ ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ, ಕೊಡಗು ಮತ್ತು ಹಾಸನದ ಮಲೆನಾಡಿನಲ್ಲಿ ಮಳೆ ಹಿಡಿದಾಗ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೆಆರ್‌ಎಸ್ ಹಿನ್ನೀರು ಸೇರುತ್ತವೆ. ಶ್ರೀರಂಗಪಟ್ಟಣದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಸ್ನಾನಘಟ್ಟದ ಮೆಟ್ಟಿಲು ಮುಳುಗುವುದು ಹೀಗೆ. ಸ್ಥಳೀಯ ಮಳೆಯ ಅಂಕಿ ನೋಡಿ ಹೊಳೆಯ ನೆರೆ ಅಂದಾಜು ಮಾಡುವವರು ಇಲ್ಲಿ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ.

ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಇಲ್ಲಿ ಬಾಯಿಪಾಠ ಮಾಡಿಕೊಳ್ಳಬೇಕಾದ ಲೆಕ್ಕವೊಂದಿದೆ: 1 ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ. ಕಟ್ಟೆಯಲ್ಲಿ 5 ಟಿಎಂಸಿಗೆ ಜಾಗವಿದೆ, ಒಳಹರಿವು 1 ಲಕ್ಷ, ಹೊರಹರಿವು 50 ಸಾವಿರ ಎಂದಿಟ್ಟುಕೊಳ್ಳಿ. ದಿನಕ್ಕೆ 4.32 ಟಿಎಂಸಿ ತುಂಬುತ್ತದೆ. ಅಂದರೆ 28 ಗಂಟೆಯೊಳಗೆ ಜಾಗ ಮುಗಿಯಿತು, ಆಮೇಲೆ ಬಂದಷ್ಟೂ ಬಿಡಲೇಬೇಕು. ಹೊಳೆಯಂಚಿನ ಊರಿಗೆ ಸಿಗುವ ಕಾಲಾವಕಾಶ ಈ 28 ಗಂಟೆ. ದಿನವೂ ಪತ್ರಿಕೆಯಲ್ಲಿ ಬರುವ ಒಳಹರಿವು, ಹೊರಹರಿವು, ಮಟ್ಟ ಇಷ್ಟರಿಂದಲೇ ಇದನ್ನು ಯಾರು ಬೇಕಾದರೂ ಹಾಕಬಹುದು. ಕುಡಿಯುವುದಕ್ಕೂ ನಾಲೆಗೂ ಇದೇ ಕಟ್ಟೆ ಗತಿಯಾದ್ದರಿಂದ ಮಳೆಗಾಲದ ನಡುವೆ ಅದನ್ನು ಬರಿದು ಇಟ್ಟುಕೊಳ್ಳಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ತುಂಬಿದ ಕಟ್ಟೆಯನ್ನು ನೆರೆ ತಡೆಯುವ ಗುರಾಣಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೇ ಕೆಲಸ, ಎಷ್ಟು ಕ್ಯೂಸೆಕ್‌ಗೆ ಏನು ಮುಳುಗುತ್ತದೆ ಎಂಬ ಪಟ್ಟಿ. 10, 25, 50, 75 ಸಾವಿರ, 1 ಲಕ್ಷ, 1.5 ಲಕ್ಷ ಎಂದು ಆರು ಸಾಲು ಹಾಕಿ, ಪ್ರತಿ ಸಾಲಿನ ಎದುರು ರಂಗನತಿಟ್ಟಿನ ದೋಣಿ ನಿಲ್ಲುವುದು, ವೆಲ್ಲೆಸ್ಲಿ ಸೇತುವೆ, ನಿಮಿಷಾಂಬ ದೇವಸ್ಥಾನದ ಮೆಟ್ಟಿಲು, ಹೊಳೆಬದಿಯ ತೋಟದ ಪಂಪ್‌ಸೆಟ್, ಮೊದಲ ಮನೆ ಹೀಗೆ ತುಂಬುತ್ತಾ ಹೋಗಬೇಕು. ಮೈಸೂರು ಕಡೆ ನಂಜನಗೂಡಿನಲ್ಲಿ ಜನ ಇದನ್ನು ಪಟ್ಟಿಯಿಲ್ಲದೆಯೇ ಮಾಡುತ್ತಾರೆ. ಕಪಿಲೆಯಲ್ಲಿರುವ (ಕಬಿನಿ ಹೊಳೆಯ ಇನ್ನೊಂದು ಹೆಸರು) ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಎಂದು ನೋಡಿಯೇ ಮುಂದಿನದನ್ನು ಅಂದಾಜಿಸುತ್ತಾರೆ. ಕಲ್ಲಿನ ಆ ಕಂಬಗಳಿಗಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ.

ನಕ್ಷೆಯನ್ನು ಕುರುಡಾಗಿ ನಂಬಿದರೆ ಕೆಡುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ನಡುವೆ 20 ಮೀಟರ್ ಎತ್ತರದ ಅಂತರ. ಉಪಗ್ರಹದಿಂದ ಪುಕ್ಕಟೆ ಸಿಗುವ ಎತ್ತರದ ಮಾಹಿತಿಯಲ್ಲಿ ಕೆಲವು ಮೀಟರ್ ತಪ್ಪು ಮಾಮೂಲು. ಊರು ಮುಳುಗುವುದೋ ಉಳಿಯುವುದೋ ತೀರ್ಮಾನವಾಗುವುದು ಒಂದೆರಡು ಅಡಿಯಲ್ಲಿ. ಆದ್ದರಿಂದ ಗೋಡೆಯ ಮೇಲಿನ ಹಳೆಯ ನೀರಿನ ಗೆರೆ, ವಯಸ್ಸಾದವರು ತೋರಿಸುವ ಮೆಟ್ಟಿಲು, ಬೇಲಿಗೆ ಸಿಕ್ಕಿಕೊಂಡ ಕಸ, ಇವುಗಳ ಎತ್ತರವನ್ನು ಡಂಪಿ ಲೆವೆಲ್ (ಎತ್ತರ ಅಳೆಯುವ ಸರ್ವೆ ಉಪಕರಣ) ಇಟ್ಟು ತೆಗೆಯಬೇಕು. ಮೊಬೈಲಿನ ಜಿಪಿಎಸ್ ಜಾಗ ಗುರುತಿಸಲು ಸಾಕು, ಎತ್ತರಕ್ಕೆ ನಂಬಬೇಡಿ.

ಮಳವಳ್ಳಿ ತಾಲ್ಲೂಕಿಗೆ ಇನ್ನೊಂದು ಪಟ್ಟಿ ಬೇಕು. ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುವುದರಿಂದ ಅಲ್ಲಿಂದ ಕೆಳಗಿನ ಶಿವನಸಮುದ್ರ, ಮುತ್ತತ್ತಿಗಳಲ್ಲಿ ಕೆಆರ್‌ಎಸ್‌ನ ಹೊರಹರಿವಿನ ಜೊತೆ ಕಬಿನಿಯದನ್ನೂ ಕೂಡಿಸಬೇಕು. ಮದ್ದೂರಿನ ಶಿಂಷಾ ಕಡೆಗೆ ಬಂದರೆ ಕಣ್ಣಿಡಬೇಕಾದ್ದು ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿ ಜಲಾಶಯದ ಮೇಲೆ. ಅದರ ಸೈಫನ್‌ಗಳು ಮಟ್ಟ ಮೀರಿದರೆ ತಾವಾಗಿಯೇ ನೀರು ಹೊರಹಾಕುತ್ತವೆ, ಗೇಟು ತೆರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಜಿಲ್ಲೆಯ ಗಡಿ ನೀರಿಗೆ ಗೊತ್ತಿಲ್ಲ. ಪಕ್ಕದ ಜಿಲ್ಲೆಗಳ ಕಂಟ್ರೋಲ್ ರೂಂ ನಂಬರುಗಳು ಯೋಜನೆಯ ಮೊದಲ ಪುಟದಲ್ಲಿರಬೇಕು.

ಎಷ್ಟು ವರ್ಷಕ್ಕೊಮ್ಮೆ ಎಂಬ ಲೆಕ್ಕ ಸುಲಭ. ಪ್ರತಿ ವರ್ಷದ ಅತಿ ಹೆಚ್ಚಿನ ಹೊರಹರಿವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಒಟ್ಟು ವರ್ಷಕ್ಕೆ ಒಂದು ಕೂಡಿಸಿ, ಸ್ಥಾನದಿಂದ ಭಾಗಿಸಿ. 44 ವರ್ಷದ ಮಾಹಿತಿಯಿದ್ದರೆ ಅತಿ ದೊಡ್ಡದು 45 ವರ್ಷಕ್ಕೊಮ್ಮೆ, ಎರಡನೆಯದು ಇಪ್ಪತ್ತೆರಡೂವರೆ ವರ್ಷಕ್ಕೊಮ್ಮೆ, ಮೂರನೆಯದು 15 ವರ್ಷಕ್ಕೊಮ್ಮೆ. ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೂ ಹಿಂದಿನ ಅಂಕಿಗಳನ್ನು ಬೆರೆಸಿದರೆ ಎರಡು ಬೇರೆ ಹೊಳೆಗಳನ್ನು ಕೂಡಿಸಿದಂತೆ. 1924ರ ಮಹಾನೆರೆಯನ್ನು ಪಟ್ಟಿಗೆ ಸೇರಿಸದೆ, ‘ಹೀಗೂ ಆಗಬಹುದು’ ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

‘25 ವರ್ಷಕ್ಕೊಮ್ಮೆ’ ಅಂದಾಗ ಜನ ಕೇಳಿಸಿಕೊಳ್ಳುವುದು ‘ಈಗಷ್ಟೇ ಬಂತು, ಇನ್ನು 24 ವರ್ಷ ನಿಶ್ಚಿಂತೆ’ ಎಂದು. ಅದರ ಅರ್ಥ ಪ್ರತಿ ವರ್ಷವೂ ಶೇ 4ರಷ್ಟು ಸಾಧ್ಯತೆ. 30 ವರ್ಷ ಬಾಳುವ ಮನೆಗೆ ಅಂಥ ನೆರೆ ಒಮ್ಮೆಯಾದರೂ ತಟ್ಟುವ ಸಾಧ್ಯತೆ ಶೇ 70ರ ಆಸುಪಾಸು. ಮನೆ ಕಟ್ಟುವವರಿಗೆ ಹೇಳಬೇಕಾದ ಅಂಕಿ ಈ ಎರಡನೆಯದು.

ಕೆರೆ: ಯಾರೂ ನೋಡದ ಜಾಗ

ಹೊಳೆಯ ನೆರೆಗೆ ಎಚ್ಚರಿಕೆ ಸಿಗುತ್ತದೆ, ಕ್ಯಾಮೆರಾ ಬರುತ್ತದೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಮೇಲುಭಾಗದಲ್ಲಿ ರಾತ್ರಿ ಎರಡು ಗಂಟೆಗೆ ಕೆರೆ ಒಡೆದರೆ ಕೆಳಗಿನ ಊರಿಗೆ ಗೊತ್ತಾಗುವುದು ನೀರು ಬಂದ ಮೇಲೆಯೇ. ಹೊಳೆಗೆ ಕೊಡುವ ಗಮನದ ಅರ್ಧವನ್ನಾದರೂ ಕೆರೆಗೆ ಕೊಡಬೇಕು.

ಒಂದು ಕೆರೆಯನ್ನು ಉದಾಹರಣೆಗೆ ಹಿಡಿಯೋಣ. ಅಚ್ಚುಕಟ್ಟಿನ ಲೆಕ್ಕ ಬೇಡ, ನೀರು ಹರಿದು ಬರುವ ಮೇಲಿನ ಜಲಾನಯನದ ಲೆಕ್ಕ ಬೇಕು. ಅದು 400 ಹೆಕ್ಟೇರ್, ಅಂದರೆ ಹೆಚ್ಚುಕಮ್ಮಿ ಸಾವಿರ ಎಕರೆ ಇರಲಿ. ಗಂಟೆಗೆ 50 ಮಿಲಿಮೀಟರ್ ಮಳೆ, ಬಿದ್ದದ್ದರಲ್ಲಿ ಶೇ 40 ಹರಿದು ಬರುತ್ತದೆ ಎಂದಿಟ್ಟುಕೊಳ್ಳಿ. ಸೂತ್ರ ಹೀಗೆ: ಹರಿಯುವ ಪಾಲು × ಮಳೆ (ಗಂಟೆಗೆ ಮಿ.ಮೀ.) × ಹೆಕ್ಟೇರ್ ÷ 360. ಅಂದರೆ 0.4 × 50 × 400 ÷ 360, ಸೆಕೆಂಡಿಗೆ ಸುಮಾರು 22 ಘನ ಮೀಟರ್. ಕ್ಯೂಸೆಕ್ ಲೆಕ್ಕದಲ್ಲಿ 780ರಷ್ಟು.

ಈಗ ಕೋಡಿಗೆ, ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗಕ್ಕೆ ಬನ್ನಿ. ಟೇಪು ಹಿಡಿದು ಅಳೆದರೆ ಉದ್ದ 12 ಮೀಟರ್. ಕೋಡಿಯ ಮೇಲೆ ಹರಿಯುವ ನೀರಿನ ಅಂದಾಜು: 1.7 × ಉದ್ದ × ನೀರಿನ ಎತ್ತರದ ಒಂದೂವರೆ ಘಾತ. 60 ಸೆಂಟಿಮೀಟರ್ ನೀರು ಹರಿದರೆ ಹೊರಹೋಗುವುದು 9.5 ಘನ ಮೀಟರ್ ಮಾತ್ರ. ಬರುವ 22ನ್ನೂ ಹೊರಹಾಕಲು ಕೋಡಿಯ ಮೇಲೆ ಒಂದು ಮೀಟರಿಗಿಂತ ತುಸು ಹೆಚ್ಚು ನೀರು ನಿಲ್ಲಬೇಕು. ಕೋಡಿಗಿಂತ ಕೆರೆಯ ಏರಿ (ಮಣ್ಣಿನ ಒಡ್ಡು) ಒಂದೇ ಮೀಟರ್ ಎತ್ತರವಿದ್ದರೆ ನೀರು ಏರಿಯ ಮೇಲೆ ಹತ್ತಿತು. ಮಣ್ಣಿನ ಏರಿಯ ಮೇಲೆ ನೀರು ಹಾದರೆ ಒಡೆಯಿತೆಂದೇ ಲೆಕ್ಕ. ಕೆರೆಯ ಅಂಗಳದ ಅಗಲ ಸ್ವಲ್ಪ ನೀರನ್ನು ಹಿಡಿದುಕೊಳ್ಳುವುದರಿಂದ ಮಳೆ ಬೇಗ ನಿಂತರೆ ಬಚಾವಾಗಬಹುದು. ಈ ಲೆಕ್ಕ ಎಂಜಿನಿಯರ್ ಪರಿಶೀಲನೆಗೆ ಬದಲಿಯಲ್ಲ, ನೂರಾರು ಕೆರೆಗಳ ಪೈಕಿ ಮೊದಲು ಯಾವುದಕ್ಕೆ ಎಂಜಿನಿಯರ್ ಹೋಗಬೇಕು ಎಂದು ಆರಿಸಿಕೊಳ್ಳಲು.

ಜಾಗದಲ್ಲಿ ನೋಡಬೇಕಾದ್ದು ಇನ್ನೂ ಇದೆ. ಹೆಚ್ಚು ನೀರು ನಿಲ್ಲಲಿ ಎಂದು ಊರವರೇ ಕೋಡಿಗೆ ಮರಳಿನ ಮೂಟೆಯೋ ಕಲ್ಲೋ ಇಟ್ಟು ಎತ್ತರಿಸಿರುತ್ತಾರೆ. ಒಂದಡಿ ಎತ್ತರಿಸಿದರೆ ಮೇಲಿನ ಉದಾಹರಣೆಯ ಒಂದು ಮೀಟರ್‌ನಲ್ಲಿ ಮೂರನೇ ಒಂದು ಪಾಲು ಹೋಯಿತು. ಕೋಡಿ ಹಳ್ಳ ಒತ್ತುವರಿಯಾಗಿ ಗದ್ದೆಯಾಗಿರುತ್ತದೆ, ನೀರು ಕೋಡಿ ದಾಟಿದರೂ ಮುಂದೆ ಹೋಗಲು ದಾರಿಯಿಲ್ಲ. ಏರಿಯ ಮೇಲೆ ದೊಡ್ಡ ಮರಗಳಿದ್ದರೆ ಬೇರು ಸತ್ತ ಜಾಗ ಪೊಳ್ಳಾಗುತ್ತದೆ. ಏಡಿಬಿಲ, ಹೆಗ್ಗಣದ ಬಿಲ, ಹುತ್ತ, ಎಲ್ಲವನ್ನೂ ಗುರುತು ಹಾಕಿ. ತೂಬಿನ ಪಕ್ಕದ ಜಿನುಗನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ದುರಸ್ತಿಗೆ ಸಮಯವಿದೆ. ಕದಡಿದ್ದರೆ ನೀರು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದರ್ಥ, ಅವತ್ತೇ ತಹಶೀಲ್ದಾರರಿಗೆ ತಿಳಿಸಬೇಕು. ಸರಣಿ ಕೆರೆಗಳಲ್ಲಿ ಮೇಲಿನ ದುರ್ಬಲ ಕೆರೆಯೇ ಕೆಳಗಿನ ಎಲ್ಲ ಕೆರೆಗಳ ಅಪಾಯವನ್ನು ತೀರ್ಮಾನಿಸುತ್ತದೆ, ಕೆಳಗಿನವು ಎಷ್ಟೇ ಗಟ್ಟಿಯಿರಲಿ. ರಸ್ತೆಗಳೂ ಇಲ್ಲಿ ಪಾತ್ರಧಾರಿಗಳು: ಎತ್ತರದ ರಸ್ತೆ ಹಳ್ಳಕ್ಕೆ ಅಡ್ಡ ಬಂದು ಮೋರಿ ಚಿಕ್ಕದಾದರೆ ಅದೇ ಹೊಸ ಏರಿ. 2022ರ ಮಳೆಗಾಲದಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿದ್ದು ನೆನಪಿರಬಹುದು.

ಬರ: ತಿಂಗಳ ಲೆಕ್ಕದ ಮೋಸ

ನಾಗಮಂಗಲದ ಹೋಬಳಿಯೊಂದರಲ್ಲಿ ಆಗಸ್ಟ್‌ನ ವಾಡಿಕೆ ಮಳೆ 80 ಮಿಲಿಮೀಟರ್ ಎಂದುಕೊಳ್ಳಿ. 3ನೇ ತಾರೀಖು ರಾತ್ರಿ ಒಂದೇ ಏಟಿಗೆ 75 ಸುರಿಯಿತು. ಉಳಿದ 28 ದಿನ ಸೇರಿ 6. ಒಟ್ಟು 81. ತಿಂಗಳ ವರದಿಯಲ್ಲಿ ‘ವಾಡಿಕೆ’, ಹೊಲದಲ್ಲಿ ಒಣಗಿದ ರಾಗಿ ಪೈರು. ಅದಕ್ಕೇ ಕೇಂದ್ರ ಸರ್ಕಾರದ ಬರ ಕೈಪಿಡಿಯಲ್ಲಿ ಒಟ್ಟು ಮಳೆಯ ಜೊತೆ ಶುಷ್ಕ ಅವಧಿಯನ್ನೂ ನೋಡುತ್ತಾರೆ. ಮುಂಗಾರು ಶುರುವಾದ ಮೇಲೆ ಸತತ ಮೂರ್ನಾಲ್ಕು ವಾರ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆಯಾದರೆ ಅದು ಬರದ ಗಂಟೆ. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದಲ್ಲಿ ಕಾಣುವ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ ನೋಡಿ, ಕೊನೆಗೆ ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳ ಹೊಲಕ್ಕಿಳಿದು ಬೆಳೆ ನೋಡಬೇಕು. ನಷ್ಟ ಶೇ 33 ದಾಟಿದರೆ ಸಾಧಾರಣ ಬರ, 50 ದಾಟಿದರೆ ತೀವ್ರ.

ಅಪಾಯ ಅಳೆಯುವವರು ಇದನ್ನೇ ಹಿಂದಕ್ಕೆ ಓಡಿಸಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ದಿನವಹಿ ಅಂಕಿ ತೆಗೆದುಕೊಂಡು, ಸಿಕ್ಕಷ್ಟು ವರ್ಷಗಳಲ್ಲಿ ಎಷ್ಟು ಬಾರಿ, ಯಾವ ವಾರಗಳಲ್ಲಿ ಇಂಥ ಬಿಡುವು ಬಂದಿದೆ ಎಂದು ಎಣಿಸಿ. ಜುಲೈನ ಬಿಡುವಿಗೆ ಬಿತ್ತನೆ ತಡವಾಗುತ್ತದೆ, ಸೆಪ್ಟೆಂಬರ್‌ನ ಬಿಡುವಿಗೆ ತೆನೆಯೇ ಬರುವುದಿಲ್ಲ. ರೈತರು ಮಳೆ ಎಣಿಸುವುದು ತಿಂಗಳಲ್ಲಲ್ಲ, ಮಘೆ, ಹುಬ್ಬೆ, ಉತ್ತರೆ ಎಂದು ಹದಿಮೂರು–ಹದಿನಾಲ್ಕು ದಿನದ ನಕ್ಷತ್ರಗಳಲ್ಲಿ. ಬೆಳೆಯ ಹದಕ್ಕೆ ತಿಂಗಳಿಗಿಂತ ಈ ಅಳತೆ ಎಷ್ಟೋ ಹತ್ತಿರ. ‘ಹುಬ್ಬೆ ಕೈಕೊಟ್ಟಿತು’ ಎಂಬ ಮಾತನ್ನು ಪಂಚಾಯಿತಿಯ ಮಳೆ ಅಂಕಿಯ ಪಕ್ಕ ಇಟ್ಟು ನೋಡಿದರೆ ಎರಡೂ ಒಂದನ್ನೊಂದು ತಿದ್ದುತ್ತವೆ.

ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಿನ ಬರ ಬೇರೆ. ಅಲ್ಲಿ ಆಕಾಶ ನೋಡಿ ಉಪಯೋಗವಿಲ್ಲ, ಕಟ್ಟೆಯ ಮಟ್ಟ ನೋಡಬೇಕು. ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಟ್ಟಾಗ ನಾಲೆಯ ತಲೆಯಲ್ಲಿರುವವರಿಗೆ ಸಿಕ್ಕು, ಮದ್ದೂರು–ಮಳವಳ್ಳಿಯ ಕೊನೆ ಭಾಗಕ್ಕೆ ತಲುಪದೇ ಹೋಗುತ್ತದೆ. ಆದ್ದರಿಂದ ಇಲ್ಲಿ ಅಳತೆಯ ಘಟಕ ಹೋಬಳಿ ಆಗಬಾರದು, ವಿತರಣಾ ನಾಲೆ ಆಗಬೇಕು. ಕಬ್ಬು ವರ್ಷಪೂರ್ತಿ ನೆಲದಲ್ಲಿ ನಿಲ್ಲುವ ಬೆಳೆ, ಒಂದು ಬೇಸಿಗೆ ನೀರು ತಪ್ಪಿದರೆ ಹಾಕಿದ್ದೆಲ್ಲ ಹೋಯಿತು. ಭತ್ತದವರು ಒಂದು ಬೆಳೆ ಬಿಟ್ಟು ಸುಧಾರಿಸಿಕೊಳ್ಳಬಹುದು.

ಉಳಿದವು

ಸಿಡಿಲಿಗೆ ನಕ್ಷೆಗಿಂತ ದಿನಚರಿ ಮುಖ್ಯ. ಏಪ್ರಿಲ್–ಮೇ ಸಂಜೆ ಬಯಲಿನಲ್ಲಿ ಕುರಿ ಕಾಯುವವರು, ಮರದಡಿ ನಿಲ್ಲುವ ಕೂಲಿಯಾಳುಗಳು ಎಷ್ಟು ಮಂದಿ ಎಂದು ಎಣಿಸಿ. ಗಾಳಿಗೆ ಬಾಳೆ ತೋಟ, ಶೀಟಿನ ಸೂರು. ಭೂಕಂಪಕ್ಕೆ 2016ರ ಐಎಸ್ 1893 (ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನಕ) ನಕ್ಷೆಯಲ್ಲಿ ಮಂಡ್ಯ, ಮೈಸೂರು ಎರಡನೇ ವಲಯದಲ್ಲಿವೆ, ಆ ನಕ್ಷೆಯ ಅತಿ ಕಡಿಮೆ ವಲಯ ಅದು. ಅಣೆಕಟ್ಟು ಒಡೆಯುವ ಪ್ರಶ್ನೆ ಬೇರೆಯದೇ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅದಕ್ಕೆ ತುರ್ತು ಕ್ರಿಯಾ ಯೋಜನೆ ಕಡ್ಡಾಯ ಮಾಡಿದೆ, ಜಿಲ್ಲೆಯ ಯೋಜನೆ ಅದನ್ನು ಕೈಯಲ್ಲಿ ಹಿಡಿದೇ ಬರೆಯಬೇಕು. ಇನ್ನು ನಾಲೆ ಏರಿಯ ರಸ್ತೆ: 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಮಂದಿ ಸತ್ತರು. ಅದು ನೈಸರ್ಗಿಕ ವಿಕೋಪವಲ್ಲ. ಆದರೂ ನಾಲೆಯ ಸಮೀಕ್ಷೆಗೆ ಹೋದವರು ತಡೆಗೋಡೆ ಇಲ್ಲದ ತಿರುವನ್ನು ಬರೆದುಕೊಳ್ಳದೆ ಬಂದರೆ ಆ ಓಡಾಟ ದಂಡ.

ಅಂಕ ಹಾಕುವಾಗ

ಸಾಧ್ಯತೆಗೆ 1ರಿಂದ 5, ಪರಿಣಾಮಕ್ಕೆ 1ರಿಂದ 5, ಗುಣಿಸಿ ಸಾಲು ಹಚ್ಚುವುದು ರೂಢಿ. ಬರ 5 × 3, 15 ಬಂತು. ಕೆರೆ ಒಡೆಯುವುದು 2 × 4, 8. ಅಣೆಕಟ್ಟು 1 × 5, 5 ಬಂದು ತಳಕ್ಕೆ ಹೋಯಿತು. ಆ ಅಂಕಗಳು ನಿಜವಾದ ಪ್ರಮಾಣಗಳಲ್ಲ, ಬರೀ ಮೆಟ್ಟಿಲುಗಳು, ಗುಣಿಸಿದಾಗ ಸಿಗುವುದಕ್ಕೆ ಅಷ್ಟು ಬೆಲೆ ಕೊಡಬಾರದು. ಅಪರೂಪವಾದರೂ ಊರನ್ನೇ ಅಳಿಸಬಲ್ಲವಕ್ಕೆ ಬೇರೆ ಪಟ್ಟಿ ಇಡುವುದೊಂದೇ ದಾರಿ.

ದುಡ್ಡಿನ ಲೆಕ್ಕ ಇದಕ್ಕಿಂತ ಪ್ರಾಮಾಣಿಕ. ಉದಾಹರಣೆಗೆ ಒಂದು ಊರಿಗೆ 10 ವರ್ಷಕ್ಕೊಮ್ಮೆ ಬರುವ ನೆರೆಯಿಂದ 20 ಲಕ್ಷ, 50 ವರ್ಷಕ್ಕೊಮ್ಮೆ ಬರುವುದರಿಂದ ಒಂದೂವರೆ ಕೋಟಿ ನಷ್ಟ, ಅದಕ್ಕಿಂತ ಚಿಕ್ಕದರಿಂದ ಏನೂ ಇಲ್ಲ ಎಂದಿಟ್ಟುಕೊಳ್ಳಿ. ಸಾಧ್ಯತೆ 0.1 ಮತ್ತು 0.02. ನಡುವಿನ 0.08ನ್ನು ಸರಾಸರಿ 85 ಲಕ್ಷದಿಂದ ಗುಣಿಸಿದರೆ 6.8 ಲಕ್ಷ. ಇನ್ನೂ ದೊಡ್ಡವುಗಳಿಗೆ 0.02 × 150, ಅಂದರೆ 3 ಲಕ್ಷ. ಒಟ್ಟು ವರ್ಷಕ್ಕೆ 9.8 ಲಕ್ಷ. ತಡೆಗೋಡೆಗೆ 50 ಲಕ್ಷ ಕೇಳುವಾಗ ಮೇಜಿನ ಮೇಲಿಡಬೇಕಾದ್ದು ಈ ಅಂಕಿ.

ಜನರ ಎಣಿಕೆಯಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. 2011ರ ಜನಗಣತಿಯ 18 ಲಕ್ಷವನ್ನು ಹಂಚಿ ಕೂತರೆ ಇವತ್ತಿನ ಊರು ಸಿಗುವುದಿಲ್ಲ. ಪಡಿತರ ಚೀಟಿ, ಅಂಗನವಾಡಿ ದಾಖಲೆ, ಆಶಾ ಕಾರ್ಯಕರ್ತೆಯ ಪುಸ್ತಕ ಮೂರನ್ನೂ ಹೋಲಿಸಬೇಕು. ಆದರೂ ಬಿಟ್ಟುಹೋಗುವವರಿದ್ದಾರೆ: ಗದ್ದೆ ಬದಿಯಲ್ಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವವರು, ಆಲೆಮನೆಯಲ್ಲೇ ಮಲಗುವ ಹೊರ ಜಿಲ್ಲೆ, ಹೊರ ರಾಜ್ಯದ ಆಳುಗಳು. ಇವರಿಗೆ ಡಂಗುರವೂ ತಲುಪುವುದಿಲ್ಲ, ವಾಟ್ಸ್‌ಆ್ಯಪ್ ಗುಂಪೂ ಇಲ್ಲ. ಹಿಂದಿನ ಪರಿಹಾರದ ದಾಖಲೆಯನ್ನು ನಷ್ಟದ ದಾಖಲೆ ಎಂದು ಓದುವುದೂ ತಪ್ಪು. 2022–26ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕಕ್ಕೆ 22,500, ಅದೂ ಎರಡು ಹೆಕ್ಟೇರ್ ಮಿತಿಯಲ್ಲಿ, ನಷ್ಟ ಶೇ 33 ಮೀರಿದ್ದರೆ ಮಾತ್ರ. ಪಹಣಿ ಯಾರ ಹೆಸರಲ್ಲಿದೆಯೋ ಅವರಿಗೆ ಸಾಮಾನ್ಯವಾಗಿ ದುಡ್ಡು. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಬೇರೆಯವರ ಜಮೀನು ಮಾಡುವವರ ನಷ್ಟ ಆ ಕಡತದಲ್ಲಿ ಕಾಣುವುದೇ ಇಲ್ಲ.

ನೆರವನ್ನು ಅಳೆಯುವಾಗ ಎಷ್ಟು ದೋಣಿ ಎಂದು ಬರೆದು ಸುಮ್ಮನಾಗಬೇಡಿ, ಎಷ್ಟು ನಿಮಿಷ ಎಂದು ಬರೆಯಿರಿ. ಅಗ್ನಿಶಾಮಕ ಠಾಣೆಯಿಂದ ಆ ಊರಿಗೆ, ಮುಳುಗದ ದಾರಿಯಲ್ಲಿ ಬಂದರೆ, ಎಷ್ಟು ಹೊತ್ತು? ಹರಿಗೋಲು ನಡೆಸಬಲ್ಲವರು ಯಾರು, ರಾತ್ರಿ ಎಲ್ಲಿರುತ್ತಾರೆ? ಕಾಳಜಿ ಕೇಂದ್ರ ಎಂದು ಗುರುತಿಸಿದ ಶಾಲೆಯೇ ತಗ್ಗಿನಲ್ಲಿದೆಯೇ? ಅದರ ಬೀಗದ ಕೈ ಭಾನುವಾರ ಯಾರ ಬಳಿ? ಶೌಚಾಲಯಕ್ಕೆ ನೀರು ಬರುವ ಬೋರ್‌ವೆಲ್ ಕರೆಂಟಿಲ್ಲದೆ ನಡೆಯುತ್ತದೆಯೇ? ಜಿಲ್ಲಾ ಕಂಟ್ರೋಲ್ ರೂಂನ 1077ಕ್ಕೆ ಒಮ್ಮೆ ರಾತ್ರಿ ಕರೆ ಮಾಡಿ, ಯಾರು ಎತ್ತಿಕೊಳ್ಳುತ್ತಾರೆ, ಊರಿನ ಹೆಸರು ಹೇಳಿದರೆ ಯಾವ ತಾಲ್ಲೂಕೆಂದು ಗೊತ್ತಾಗುತ್ತದೆಯೇ ಎಂದು ನೋಡಿ ಬರೆದುಕೊಳ್ಳಿ.

ಪರಿಶೀಲನೆಗೆ ಎರಡು ತಿಂಗಳು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಕೋಡಿ, ಏರಿ, ಮೋರಿ ಮತ್ತು ಹೊಳೆಯಂಚಿನ ಮನೆಗಳು. ನವೆಂಬರ್‌ನಲ್ಲಿ ಆ ವರ್ಷ ನೀರು ಏರಿದ ಗೆರೆಗಳು. ಗೆರೆ ಒಣಗಿ ಅಳಿಸುವ ಮೊದಲೇ, ಆಗಿನ ಹೊರಹರಿವು ಮತ್ತು ತಾರೀಖಿನ ಸಮೇತ, ದೇವಸ್ಥಾನದ ಕಂಬಕ್ಕೋ ಪಂಚಾಯಿತಿ ಗೋಡೆಗೋ ಬಣ್ಣದಲ್ಲಿ ಬರೆಸಬೇಕು. ಒಂದು ಡಬ್ಬಿ ಎನಾಮೆಲ್ ಪೇಂಟು ಸಾಕು.